ಹಲಸಿನ ಮರದ ಸ್ಲೈಡ್ ಗಿಟಾರ್, ನಾನೇ ಮಾಡಿಕೊಂಡದ್ದು

ಗಿಟಾರ್ ಮಾಡುವ ಹುಚ್ಚು ಇರುವವರು ಮೊದಲು ಲ್ಯಾಪ್ ಸ್ಲೈಡ್ ಮಾಡಿ ನೋಡಿ. ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ಸರಳು ಜಾರಿಸಿ ನುಡಿಸುವ ಗಿಟಾರ್ ಇದು. ಹವಾಯಿಯಲ್ಲಿ ಹುಟ್ಟಿದ್ದು. ಹಿಂದೂಸ್ತಾನಿ ಸಂಗೀತದ ವಿಶ್ವಮೋಹನ ಭಟ್ಟರ ಮೋಹನವೀಣೆ ಇದೇ ಜಾತಿಯದ್ದು. ಬೆರಳಿನಲ್ಲಿ ತಂತಿ ಒತ್ತುವ ಕೆಲಸ ಇಲ್ಲ, ಹಾಗಾಗಿ ಮೆಟ್ಟು (ಕತ್ತಿನ ಮೇಲೆ ಅಡ್ಡ ಕೂರಿಸುವ ಲೋಹದ ಪಟ್ಟಿ, ಫ್ರೆಟ್) ಬೇಡ. ಮಾಮೂಲಿ ಗಿಟಾರಿನಲ್ಲಿ ಹೊಸಬರು ಸುಸ್ತಾಗುವುದೇ ಮೆಟ್ಟು ಕೂರಿಸಿ ಸಮ ಮಾಡುವಾಗ, ಕತ್ತನ್ನು ಅಂಗೈಗೆ ಹೊಂದುವಂತೆ ದುಂಡಗೆ ಕೆತ್ತುವಾಗ. ಇಲ್ಲಿ ಎರಡೂ ಇಲ್ಲ. ಕತ್ತು ಚೌಕವಾಗಿದ್ದರೂ ಯಾರೂ ಕೇಳುವುದಿಲ್ಲ.

ಕಷ್ಟ ಇರುವುದು ಮರದಲ್ಲಿ, ಅದೂ ಉಡುಪಿಯಂಥ ಊರಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಾಗಿಲುಗಳೇ ಉಬ್ಬಿ ಮುಚ್ಚುವುದಿಲ್ಲ, ಇನ್ನು ಮೂರು ಮಿಲಿಮೀಟರ್ ಹಲಗೆ ಸುಮ್ನೆ ಇರುತ್ತದಾ? ಹಸಿ ಮರ ಬೇಡವೇ ಬೇಡ. ನಾನು ಹುಡುಕಿದ್ದು ಕೆಡವಿದ ಹಂಚಿನ ಮನೆಯ ಹಲಸಿನ ತೊಲೆ. ಎಷ್ಟೋ ದಶಕ ಮಾಡಿನ ಕೆಳಗೆ, ಒಲೆಯ ಹೊಗೆಯಲ್ಲಿ ಒಣಗಿದ ಮರ. ತೇಗ ಯಾಕಲ್ಲ ಅಂತ ಕೇಳಿದವರಿದ್ದಾರೆ. ತೇಗದಲ್ಲಿ ಎಣ್ಣೆ ಅಂಶ ಜಾಸ್ತಿ, ಅಂಟು ಸರಿಯಾಗಿ ಹಿಡಿಯಬೇಕಾದರೆ ಮೊದಲು ಸ್ಪಿರಿಟ್‌ನಲ್ಲಿ ಒರೆಸಬೇಕು, ಮೇಲಾಗಿ ದುಬಾರಿ. ವೀಣೆಗೂ ಹಲಸೇ, ಯಕ್ಷಗಾನದ ಮದ್ದಳೆಗೂ ಹಲಸೇ. ಅದಕ್ಕಿಂತ ದೊಡ್ಡ ಶಿಫಾರಸು ನನಗೆ ಬೇಕಿರಲಿಲ್ಲ.

ಹಳೇ ತೊಲೆಯಲ್ಲಿ ಮೊಳೆ ಇದ್ದೇ ಇರುತ್ತದೆ. ಮಿಲ್ಲಿಗೆ ಒಯ್ಯುವ ಮೊದಲು ಒಳ್ಳೆ ಅಯಸ್ಕಾಂತ ಆಡಿಸಿ ಎಲ್ಲ ಕಿತ್ತು ಹಾಕಿ, ಇಲ್ಲದಿದ್ದರೆ ಗರಗಸದವನು ಮುಂದಿನ ಸಲ ಗೇಟಿನೊಳಗೇ ಬಿಡುವುದಿಲ್ಲ. ಸೀಳಿಸಿದ ಮೇಲೂ ಕೆತ್ತಲು ಅವಸರ ಮಾಡಬೇಡಿ. ತುಂಡನ್ನು ಒಳಗೆ ಇಟ್ಟು ಆಗಾಗ ತೂಕ ಮಾಡುತ್ತಾ ಇರಿ, ತೂಕ ಇಳಿಯುವುದು ನಿಂತರೆ ಮರ ಮನೆಯ ಗಾಳಿಗೆ ಹೊಂದಿಕೊಂಡಿದೆ ಅಂತ ಅರ್ಥ.

ಅಮೆರಿಕದ ವೈಸನ್‌ಬಾರ್ನ್ ಗಿಟಾರುಗಳಲ್ಲಿ ಕತ್ತೂ ಒಳಗೆ ಟೊಳ್ಳು. ನನಗೆ ಆ ದನಿ ಬೇಕಿತ್ತು, ಆದರೆ ತೆಳು ಹಲಗೆಯನ್ನು ಬಿಸಿ ಮಾಡಿ ಬಗ್ಗಿಸುವ ತಾಳ್ಮೆ ಇರಲಿಲ್ಲ. ಏಕಾಂಡ ವೀಣೆಯ ದಾರಿ ಹಿಡಿದೆ, ಅಂದರೆ ತಲೆಯಿಂದ ಬುಡದವರೆಗೆ ಒಂದೇ ತುಂಡು. 90 ಸೆಂಟಿಮೀಟರ್ ಉದ್ದ, 20 ಅಗಲ, 7 ದಪ್ಪ. ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಂಡು ಒತ್ತೊತ್ತಾಗಿ ತೂತು ಹೊಡೆದೆ. ಆಮೇಲೆ ಉಳಿ, ಕೊಡತಿ. ಗೋಡೆ 8 ಮಿಲಿಮೀಟರ್, ತಳ 5. ತಂತಿ ಬಿಗಿಸುವ ಬಿರಡೆ ಕೂರುವ ತಲೆ ಮಾತ್ರ ಗಟ್ಟಿಯಾಗಿ ಬಿಟ್ಟು ಹಿಂದಕ್ಕೆ ಇಳಿಜಾರು ಕೊಟ್ಟೆ. ಇಳಿಜಾರು ಇಲ್ಲದಿದ್ದರೆ ತಂತಿ ನಟ್ (ತಲೆಯ ಬುಡದಲ್ಲಿ ತಂತಿ ಹಾಯುವ ಪಟ್ಟಿ) ಮೇಲೆ ಒತ್ತಿ ಕೂರುವುದಿಲ್ಲ, ಝರಝರ ಅನ್ನುತ್ತದೆ.

ಮೇಲಿನ ಹಲಗೆಗೆ ಪ್ಯಾಕಿಂಗ್ ಪೆಟ್ಟಿಗೆಯ ಪೈನ್. ನಗಬೇಡಿ. ತುದಿಯಲ್ಲಿ ಗೆರೆಗಳು ನೆಟ್ಟಗೆ, ಒತ್ತಾಗಿ ನಿಂತಿರುವ, ಗಂಟಿಲ್ಲದ ಪಟ್ಟಿ ಆರಿಸಿಕೊಂಡರೆ ಸಾಕು. ಎರಡು ಪಟ್ಟಿ ಜೋಡಿಸಿ ಹತ್ತರಿ ಹೊಡೆದು 3 ಮಿಲಿಮೀಟರಿಗೆ ಇಳಿಸಿ, ಒಳಗಿಂದ ಅಡ್ಡಪಟ್ಟಿ ಕೊಟ್ಟು, ಕುದುರೆಯ (ಇನ್ನೊಂದು ತುದಿಯಲ್ಲಿ ತಂತಿ ಹೊರುವ ಬ್ರಿಡ್ಜ್) ಕೆಳಗೆ ಹಲಸಿನ ತುಂಡು ಅಂಟಿಸಿದೆ. ಆರು ತಂತಿ ಸೇರಿ ಸುಮಾರು 60 ಕಿಲೋ ಎಳೆತ, ಆ ತುಂಡು ಇಲ್ಲದಿದ್ದರೆ ಹೊಟ್ಟೆ ಉಬ್ಬುತ್ತದೆ. ಪಿಕಪ್ (ದನಿಯನ್ನು ಆಂಪ್ಲಿಫೈಯರಿಗೆ ಕಳಿಸುವ ಸಾಧನ) ಬೇಕಿದ್ದರೆ ಮುಚ್ಚುವ ಮೊದಲೇ ಅದರ ವೈರಿಗೆ ದಾರಿ ಮಾಡಿಕೊಳ್ಳಿ. ಹಲಗೆಯನ್ನು ಒಡಲಿಗೆ ಅಂಟಿಸುವಾಗ ಕ್ಲಾಂಪ್ ಕಡಿಮೆ ಇದ್ದದ್ದಕ್ಕೆ ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿಯಾಗಿ ಸುತ್ತಿದೆ. ಸುತ್ತಲೂ ಒಂದೇ ಸಮ ಒತ್ತಡ, ಕ್ಲಾಂಪ್‌ಗಿಂತ ಅದೇ ವಾಸಿ.

ನಟ್‌ನಿಂದ ಕುದುರೆಗೆ 600 ಮಿಲಿಮೀಟರ್. ಮೆಟ್ಟಿನ ಬದಲು ಬರೀ ಗೆರೆ. ಉಳಿದ ಉದ್ದವನ್ನು 17.817ರಿಂದ ಭಾಗಿಸುತ್ತಾ ಹೋಗುವುದು ಲೆಕ್ಕ. ಮೊದಲ ಗೆರೆ 33.7ಕ್ಕೆ, ಐದನೆಯದು 150.5ಕ್ಕೆ, ಏಳನೆಯದು 199.5ಕ್ಕೆ, ಹನ್ನೆರಡನೆಯದು ಸರಿಯಾಗಿ 300ಕ್ಕೆ. ಪ್ರತಿ ಗೆರೆಯನ್ನೂ ನಟ್‌ನಿಂದಲೇ ಅಳೆಯಿರಿ, ಹಿಂದಿನ ಗೆರೆಯಿಂದ ಅಳೆದರೆ ಚೂರುಚೂರು ವ್ಯತ್ಯಾಸ ಸೇರಿ ಸೇರಿ ದೊಡ್ಡದಾಗುತ್ತದೆ. ತಂತಿ ಹಲಗೆಯಿಂದ 10 ಮಿಲಿಮೀಟರ್ ಮೇಲೆ. ಆರೂ ತಂತಿ ಒಂದೇ ಮಟ್ಟದಲ್ಲಿ ಇರಲೇಬೇಕು, ಯಾಕೆಂದರೆ ಸರಳು ನೇರ. ನಟ್‌ಗೆ ಹಿತ್ತಾಳೆ ಪಟ್ಟಿ ಹಾಕಿ ಗಾಜಿನ ಮೇಲೆ ಸ್ಯಾಂಡ್ ಪೇಪರ್ ಹಾಸಿ ಉಜ್ಜಿದೆ. ಮಾಮೂಲಿ ಗಿಟಾರಿನ ಹಾಗೆ ಕುದುರೆಯನ್ನು ಓರೆ ಇಡುವ ರಗಳೆ ಇಲ್ಲ, ಒತ್ತಿದಾಗ ತಂತಿ ಹಿಗ್ಗುವ ಪ್ರಶ್ನೆಯೇ ಇಲ್ಲವಲ್ಲ.

ಸರಳನ್ನು ಮಂಗಳೂರಿನ ಬೈಕಂಪಾಡಿಯಲ್ಲಿ ಲೇತ್‌ನಲ್ಲಿ ಮಾಡಿಸಿದೆ. 20 ಮಿಲಿಮೀಟರ್ ದಪ್ಪ, 80 ಉದ್ದದ ಸ್ಟೇನ್‌ಲೆಸ್ ತುಂಡು, ಒಂದು ತುದಿ ದುಂಡಗೆ. ಸುಮಾರು 200 ಗ್ರಾಂ ತೂಗುತ್ತದೆ. ಹಗುರ ಪೈಪ್ ತುಂಡು ಹಿಡಿದರೆ ದನಿ ಬೇಗ ಸಾಯುತ್ತದೆ.

ಪಾಲಿಶ್‌ಗೆ ಅರಗಿನ ಚಕ್ಕೆ, ಸ್ಪಿರಿಟ್. ಇದನ್ನು ಮಳೆಗಾಲದಲ್ಲಿ ಮುಟ್ಟಲೇಬೇಡಿ, ಗಾಳಿಯ ತೇವ ಹೀರಿ ಬೆಳ್ಳಗೆ ಮಂಜು ಕಟ್ಟುತ್ತದೆ. ಡಿಸೆಂಬರ್, ಜನವರಿಯ ಒಣ ಮಧ್ಯಾಹ್ನಗಳೇ ಸರಿ.

ಶ್ರುತಿ ದಪ್ಪ ತಂತಿಯಿಂದ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ನಮ್ಮ ಲೆಕ್ಕದಲ್ಲಿ ಸ ಪ ಸ ಗ ಪ ಸ. ಸರಳನ್ನು ಐದನೇ ಗೆರೆಗೆ ಇಟ್ಟರೆ ಸ ಇದ್ದ ತಂತಿಯಲ್ಲಿ ಮ, ಏಳಕ್ಕೆ ಇಟ್ಟರೆ ಪ. ಗಮಕಕ್ಕೆ ಏನೂ ಅಡ್ಡ ಬರುವುದಿಲ್ಲ, ಮೋಹನ ರಾಗ ಹಿಡಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ದನಿ ದೊಡ್ಡದಲ್ಲ, ಒಡಲು ಕಿರಿದು. ಮುಂದಿನದಕ್ಕೆ ಅಗಲದ ತೊಲೆ ಹುಡುಕುತ್ತಿದ್ದೇನೆ, ಉಡುಪಿ ಕಡೆ ಯಾರಾದರೂ ಹಳೇ ಮನೆ ಕೆಡವುವುದಿದ್ದರೆ ಹಲಸನ್ನು ಸೌದೆಗೆ ಹಾಕುವ ಮೊದಲು ಒಂದು ಮಾತು ಹೇಳಿ.