ಮಗಳಿಗೆ ಶಾಲೆ ಹುಡುಕುವಾಗ ಪ್ರಯೋಗಾಲಯವನ್ನೇ ಮೊದಲು ನೋಡಿದೆ

ಹುಬ್ಬಳ್ಳಿಯಿಂದ ಪುಣೆಗೆ ವರ್ಗವಾದಾಗ ಮಗಳು ಎಂಟನೆಯ ತರಗತಿಗೆ ಹೋಗುವವಳಿದ್ದಳು. ಅವಳಿಗೆ ಆಕಾಶದ ಹುಚ್ಚು. ಅದಕ್ಕೆ ತಕ್ಕ ಗಣಿತ, ಭೌತಶಾಸ್ತ್ರ ಗಟ್ಟಿಯಾಗಿ ಸಿಗುವ ಶಾಲೆ ಬೇಕಿತ್ತು, ಅದೂ ಹುಡುಗಿಯರ ಶಾಲೆಯೇ ಆಗಬೇಕೆಂದು ನಾನು ಹಟ ಹಿಡಿದೆ. ಶಿಸ್ತು, ಸುರಕ್ಷತೆಗಳಿಗಾಗಿ ಅಲ್ಲ. ಅವಳ ಹಿಂದಿನ ಶಾಲೆಯಲ್ಲಿ ಪ್ರಯೋಗದ ದಿನ ಉಪಕರಣ ಹುಡುಗರ ಕೈಗೆ ಹೋಗುತ್ತಿತ್ತು. ಅಕ್ಷರ ದುಂಡಗಿದೆಯೆಂದು ಅಳತೆ ಬರೆದುಕೊಳ್ಳುವ ಕೆಲಸ ಹುಡುಗಿಯರ ಪಾಲಿಗೆ ಬರುತ್ತಿತ್ತು. ಹುಡುಗಿಯರೇ ಇರುವ ಕಡೆ ತಂತಿ ಜೋಡಿಸುವವಳೂ ಬರ್ನರ್ ಹಚ್ಚುವವಳೂ ಹುಡುಗಿಯೇ ಆಗಬೇಕಲ್ಲ!

ಪುಣೆಯಲ್ಲಿ ಇಂಥ ಶಾಲೆಗಳಿಗೆ ಬರವಿಲ್ಲ. ಸಾವಿತ್ರಿಬಾಯಿ, ಜೋತಿಬಾ ಫುಲೆ ದಂಪತಿ 1848ರಲ್ಲಿ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಶುರುಮಾಡಿದ ಊರು ಇದು. ಲಕ್ಷ್ಮೀ ರಸ್ತೆಯ ಹುಜೂರ್‌ಪಾಗಾ ಶಾಲೆ 1884ರಷ್ಟು ಹಳೆಯದು. ದಂಡುಪ್ರದೇಶವಾದ ಕ್ಯಾಂಪ್ ಕಡೆ ಹೋದರೆ ಕಾನ್ವೆಂಟುಗಳಿವೆ. ಆದರೆ ಶಾಲೆಯ ಹೆಸರನ್ನಾಗಲಿ, ಗೇಟಿಗೆ ತೂಗುಹಾಕಿದ ಹತ್ತನೆಯ ತರಗತಿಯ ಫಲಿತಾಂಶವನ್ನಾಗಲಿ ನೆಚ್ಚಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಹೋದ ಕಡೆಯೆಲ್ಲ ಪ್ರಯೋಗಾಲಯ ತೋರಿಸಿ ಎಂದು ಕೇಳಿದೆ. ಸೂಕ್ಷ್ಮದರ್ಶಕಗಳು ಬೀಗ ಹಾಕಿದ ಗಾಜಿನ ಕಪಾಟಿನಲ್ಲಿ ಫಳಫಳ ಹೊಳೆಯುತ್ತಿದ್ದರೆ ನನಗೆ ಅನುಮಾನ. ಮೇಜಿನ ಮೇಲೆ ಆಮ್ಲದ ಕಲೆ, ಬರ್ನರ್ ಸುತ್ತ ಮಸಿ, ಒಡೆದ ಗಾಜಿನ ಸಾಮಾನಿನ ಲೆಕ್ಕ ಬರೆದಿಟ್ಟ ಪುಸ್ತಕ ಕಂಡರೆ ಅಲ್ಲಿ ಮಕ್ಕಳು ಕೆಲಸ ಮಾಡುತ್ತಾರೆಂದು ಧೈರ್ಯ.

ಎರಡನೆಯ ಪರೀಕ್ಷೆ ಮಗಳದ್ದು. ಚಂದ್ರ ದಿನದಿನಕ್ಕೂ ತಡವಾಗಿ ಹುಟ್ಟುವುದೇಕೆ ಎಂದು ಅವಳು ವಿಜ್ಞಾನದ ಶಿಕ್ಷಕಿಯರನ್ನು ಕೇಳುತ್ತಿದ್ದಳು. ಒಂದು ದೊಡ್ಡ ಶಾಲೆಯಲ್ಲಿ, "ಅದು ನಿನ್ನ ಪಠ್ಯದಲ್ಲಿ ಇಲ್ಲ" ಎಂಬ ಉತ್ತರ ಬಂತು. ಪೇಟೆಯೊಳಗಿನ ಇನ್ನೊಂದು ಶಾಲೆಯಲ್ಲಿ ನರೆಗೂದಲಿನ ಬಾಯಿಯೊಬ್ಬರು, ಇಲ್ಲಿ ಶಿಕ್ಷಕಿಯರನ್ನು ಹಾಗೆಯೇ ಕರೆಯುತ್ತಾರೆ, ಭೂಗೋಳವನ್ನು ಅವಳ ಮುಂದಿಟ್ಟು ಸೀಮೆಸುಣ್ಣದ ತುಂಡನ್ನು ಕೈಗೆ ಕೊಟ್ಟರು. "ಇದು ಚಂದ್ರ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಇದು ಎಲ್ಲಿರುತ್ತದೆ? ನೀನೇ ಸರಿಸು." ಮಗಳು ಸರಿಸಿದಳು. ಸುಮಾರು 13 ಡಿಗ್ರಿ ಮುಂದೆ ಹೋಗಿರುತ್ತದೆ, ಹಾಗಾಗಿ ಭೂಮಿ ಅಷ್ಟು ಹೆಚ್ಚು ತಿರುಗಬೇಕು, ಡಿಗ್ರಿಗೆ ನಾಲ್ಕು ನಿಮಿಷ. ಹೆಚ್ಚುಕಡಿಮೆ 50 ನಿಮಿಷ ತಡ ಎಂಬ ಲೆಕ್ಕ ಅವಳ ಬಾಯಿಂದಲೇ ಬಂತು. ಬಾಯಿಯವರು ಉತ್ತರ ಹೇಳಲೇ ಇಲ್ಲ. ನನ್ನ ಮಟ್ಟಿಗೆ ಶಾಲೆ ಅಲ್ಲಿಗೆ ನಿಶ್ಚಯವಾಯಿತು. ಒಂಬತ್ತು, ಹತ್ತನೆಯ ತರಗತಿಗೂ ಇವರೇ ಕಲಿಸುತ್ತಾರೆಯೇ ಎಂದು ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿ ಖಚಿತಪಡಿಸಿಕೊಂಡೆ. ಪ್ರವೇಶದ ಹೊತ್ತಿನಲ್ಲಿ ಒಳ್ಳೆಯ ಶಿಕ್ಷಕಿಯನ್ನು ಮುಂದೆ ಕೂರಿಸಿ, ಆಮೇಲೆ ಬೇರೆಯವರನ್ನು ತರಗತಿಗೆ ಕಳಿಸಿದರೆ ಮಗುವಿನ ಗತಿಯೇನು?

ಬೋರ್ಡಿನ ವಿಷಯಕ್ಕೆ ಮನೆಯಲ್ಲಿ ಚರ್ಚೆ ನಡೆಯಿತು. ಐಸಿಎಸ್‌ಇಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳಿಗೆ ಬೇರೆ ಬೇರೆ ಪತ್ರಿಕೆ. ರಾಜ್ಯ ಮಂಡಳಿಯಲ್ಲಿ ವಿಜ್ಞಾನಕ್ಕೆ ಎರಡು ಭಾಗ, ಗಣಿತದಲ್ಲಿ ಬೀಜಗಣಿತ ಒಂದು, ರೇಖಾಗಣಿತ ಒಂದು. ಕಲಿಸುವವರು ಸರಿಯಿದ್ದರೆ ಎರಡೂ ಸಾಕು ಎಂದು ನನ್ನ ತೀರ್ಮಾನ. ಮರಾಠಿಯಂತೂ ತಪ್ಪದು, 2020ರ ಕಾನೂನಿನಿಂದ ಎಲ್ಲ ಬೋರ್ಡುಗಳ ಶಾಲೆಗಳಲ್ಲೂ ಕಡ್ಡಾಯ. ಹಿಂದಿ ಕಲಿತ ನಮ್ಮ ಮಕ್ಕಳಿಗೆ ಲಿಪಿ ಹೊಸದಲ್ಲ. ವ್ಯಾಕರಣಕ್ಕೆ ಬೇಸಿಗೆ ರಜೆಯಲ್ಲೇ ಕೂತರೆ ಒಳ್ಳೆಯದು.

ಹಣದ ಮಾತು. ಒಂದು ಕಡೆ ಕಟ್ಟಡ ನಿಧಿ ಎಂದು ರಸೀದಿಯಿಲ್ಲದೆ ಕೇಳಿದರು; ಎದ್ದು ಬಂದೆವು. ಡೊನೇಷನ್ ವಸೂಲಿಗೆ ಶಿಕ್ಷಣ ಹಕ್ಕು ಕಾಯಿದೆಯಲ್ಲೇ ನಿಷೇಧವಿದೆ. ಮಹಾರಾಷ್ಟ್ರದ 2011ರ ಶುಲ್ಕ ನಿಯಂತ್ರಣ ಕಾನೂನಿನ ಪ್ರಕಾರ ಶುಲ್ಕದ ಪ್ರಸ್ತಾಪವನ್ನು ಪಾಲಕ-ಶಿಕ್ಷಕ ಸಂಘದ ಕಾರ್ಯಕಾರಿ ಸಮಿತಿಯ ಮುಂದಿಡಬೇಕು. ಆ ಸಮಿತಿಯಲ್ಲಿರುವ ತಾಯಿಯೊಬ್ಬರೊಂದಿಗೆ ಮಾತಾಡಿದರೆ ಶಾಲೆಯ ಒಳಗುಟ್ಟು ತಿಳಿಯುತ್ತದೆ.

ಕೋಥರೂಡಿನ ನಮ್ಮ ಮನೆಯಿಂದ ಮಗಳು ಮೆಟ್ರೋ ಹಿಡಿದು, ಇಳಿದು ಸ್ವಲ್ಪ ನಡೆಯುತ್ತಾಳೆ. ವಿಶ್ವವಿದ್ಯಾಲಯದ ಆವರಣದಲ್ಲಿರುವ ಖಗೋಳವಿಜ್ಞಾನದ ಸಂಶೋಧನಾ ಕೇಂದ್ರ ಆಯುಕಾದಲ್ಲಿ ಶಾಲಾ ಮಕ್ಕಳಿಗಾಗಿ ಎರಡನೆಯ ಶನಿವಾರದ ಉಪನ್ಯಾಸಗಳಿವೆ. ಬಾಯಿಯವರು ಆಸಕ್ತ ಹುಡುಗಿಯರನ್ನು ತಾವೇ ಕರೆದುಕೊಂಡು ಹೋಗುತ್ತಾರೆ, ಮರಳಿ ಬಂದ ಮೇಲೆ ಪ್ರತಿಯೊಬ್ಬಳೂ ಒಂದು ಪ್ರಶ್ನೆ ಬರೆದುಕೊಡಬೇಕು.