ಹೊಲಿಗೆ ಇಲ್ಲದ ಚೀಲ: ಮಳೆಗಾಲದ ಸೈಕಲ್ ಪ್ರವಾಸಕ್ಕೆ ನಾನು ಮಾಡಿಕೊಂಡದ್ದು

ಸೈಕಲ್ ತುಳಿಯುವವನಿಗೆ ಮಳೆ ಮೇಲಿನಿಂದ ಮಾತ್ರ ಬರುವುದಿಲ್ಲ. ಹಿಂದಿನ ಚಕ್ರ ರಸ್ತೆಯ ನೀರನ್ನೆಲ್ಲ ಎತ್ತಿ ಕ್ಯಾರಿಯರಿನ ಪಕ್ಕಕ್ಕೆ ನೇತುಹಾಕಿದ ಚೀಲದ ತಳಕ್ಕೆ ಹೊಡೆಯುತ್ತದೆ, ಜೊತೆಗೆ ಕೆಂಪು ಮಣ್ಣು ಬೇರೆ. ಬ್ಯಾಗಿಗೆ ತೊಡಿಸುವ ರೇನ್‌ಕವರ್ ಇಲ್ಲಿ ಅಷ್ಟಕ್ಕಷ್ಟೆ. ಅದರ ಒಂದು ಬದಿ ತೆರೆದೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಕವರಿನ ತಳದಲ್ಲೇ ನೀರು ನಿಂತು, ಬ್ಯಾಗು ಅದರಲ್ಲಿ ನೆನೆಯುತ್ತಾ ಕೂರುತ್ತದೆ. ನನಗೆ ಇಷ್ಟದ ಮಳೆಗಾಲದ ದಾರಿ ಸೋಮೇಶ್ವರದಿಂದ ಆಗುಂಬೆ ಘಾಟಿ. ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಬೀಳುವ ಊರು ಅದು. ಅಲ್ಲಿಗೆ ಹೋಗುವುದಾದರೆ ಚೀಲ ನೀರು ತಡೆಯಲೇಬೇಕು, ಏರಿನಲ್ಲಿ ಭಾರವೂ ಆಗಬಾರದು.

ಒಳ್ಳೆಯ ಚೀಲಗಳು ಅಂಗಡಿಯಲ್ಲಿ ಸಿಗುತ್ತವೆ, ಇಲ್ಲ ಅಂತಲ್ಲ. ಜರ್ಮನಿಯ ಆರ್ಟ್‌ಲೀಬ್ ಕಂಪನಿಯ ಕಥೆ ಸೈಕಲ್ ಮಂದಿಗೆ ಗೊತ್ತೇ ಇದೆ. ಅದರ ಸ್ಥಾಪಕ ಇಂಗ್ಲೆಂಡಿನ ಮಳೆಯಲ್ಲಿ ಸೈಕಲ್ ಹೊಡೆಯುವಾಗ ಲಾರಿಯ ಟಾರ್ಪಾಲು ನೋಡಿ, ಮನೆಗೆ ಬಂದು ಅಮ್ಮನ ಹೊಲಿಗೆ ಯಂತ್ರದಲ್ಲೇ ಮೊದಲ ಚೀಲ ಹೊಲಿದರಂತೆ. ಅವರ ಹೆಸರಾಂತ ಜೋಡಿ ಚೀಲಕ್ಕೆ 40 ಲೀಟರ್ ಸಾಮಾನು ಹಿಡಿಯುತ್ತದೆ, ಖಾಲಿ ತೂಕ 1,900 ಗ್ರಾಂ. ಗಟ್ಟಿ ಅಂದ್ರೆ ಗಟ್ಟಿ. ಆದರೆ ಎರಡು ಜೊತೆ ಬಟ್ಟೆ, ಒಂದು ಜಾಕೆಟ್ಟು, ಪಂಕ್ಚರ್ ಸಾಮಾನು ಒಯ್ಯುವವನಿಗೆ ಅದು ಜಾಸ್ತಿಯೇ.

ನಾನು ಇಟ್ಟುಕೊಂಡ ನಿಯಮ ಒಂದೇ: ನೀರು ತಡೆಯುವ ಕೆಲಸ ಒಬ್ಬರಿಗೆ, ಭಾರ ಹೊರುವ ಕೆಲಸ ಇನ್ನೊಬ್ಬರಿಗೆ. ಚೀಲಕ್ಕೆ ನೀರು ನುಗ್ಗುವುದು ಬಟ್ಟೆಯಿಂದಲ್ಲ, ಸೂಜಿ ತೂತು, ಬೋಲ್ಟಿನ ತೂತು, ಜಿಪ್ಪಿನಿಂದ. ಹಾಗಾದರೆ ಚೀಲಕ್ಕೆ ತೂತೇ ಬೇಡ. ಕೊಕ್ಕೆ, ಪಟ್ಟಿ, ಬಕಲ್ ಎಲ್ಲವೂ ಬೇರೆ ಚೌಕಟ್ಟಿನಲ್ಲಿರಲಿ, ಚೀಲ ಅದರೊಳಗೆ ಸುಮ್ನೆ ಕೂತಿರಲಿ. ಚೀಲದ ಮೇಲೆ ಎಳೆತ ಬೀಳದಿದ್ದರೆ ಬಟ್ಟೆ ತೆಳ್ಳಗಿದ್ದರೂ ನಡೆಯುತ್ತದೆ.

ಬಟ್ಟೆ ಹುಡುಕುವುದೇ ದೊಡ್ಡ ಕೆಲಸ. ಚಿಕ್ಕಪೇಟೆಯಲ್ಲಿ ‘ವಾಟರ್‌ಪ್ರೂಫ್’ ಅಂದರೆ ಕೊಡೆ ಬಟ್ಟೆ, ರೇನ್‌ಕೋಟ್ ಬಟ್ಟೆ ತೋರಿಸುತ್ತಾರೆ. ಅವು ನೀರು ತಡೆಯುತ್ತವೆ, ಆದರೆ ಬಿಸಿಗೆ ಒಂದಕ್ಕೊಂದು ಅಂಟುವುದಿಲ್ಲ. ಬೇಕಾದದ್ದು ಟಿಪಿಯು, ಅಂದರೆ ಬಿಸಿಗೆ ಕರಗಿ ಅಂಟುವ ಒಂದು ಬಗೆಯ ಪ್ಲಾಸ್ಟಿಕ್, ಲೇಪಿಸಿದ ನೈಲಾನ್. ಆನ್‌ಲೈನ್‌ನಲ್ಲಿ ತರಿಸಿಕೊಂಡೆ, ಚದರ ಮೀಟರಿಗೆ 170 ಗ್ರಾಂನದ್ದು. ಲೇಪನ ಒಂದೇ ಬದಿಗೆ. ಫ್ಲೆಕ್ಸ್ ಬ್ಯಾನರ್ ಪುಕ್ಕಟೆ ಸಿಗುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. ಬಿಸಿಲಿಗೆ ಅದು ಮಡಿಕೆಯಲ್ಲೇ ಬಿರುಕು ಬಿಡುತ್ತದೆ. ಮೇಲಾಗಿ ಅದು ಪಿವಿಸಿ. ಪಿವಿಸಿಗೆ ಇಸ್ತ್ರಿಪೆಟ್ಟಿಗೆ ಇಡಲೇಬೇಡಿ, ಜಾಸ್ತಿ ಕಾದರೆ ಬರುವ ಹೊಗೆ ವಿಷ.

ಅಳತೆಗೆ ಬರೋಣ. 10 ಲೀಟರಿನ ಚೀಲಕ್ಕೆ ನಾನು ಇಟ್ಟದ್ದು ಎತ್ತರ 30 ಸೆಂ.ಮೀ., ಅಗಲ 24, ದಪ್ಪ 14. ಸುತ್ತಳತೆ 76 ಆಯಿತು, ಅಂಟಿಸಲು 2 ಸೇರಿಸಿದರೆ 78. ಉದ್ದಕ್ಕೆ ಲೆಕ್ಕ ಹೀಗೆ: ಎತ್ತರದ 30. ತಳ ಮಡಚಲು ದಪ್ಪದ ಅರ್ಧ, ಅಂದರೆ 7. ಬಾಯಿ ಕೂಡಿಸಲು ಮತ್ತೆ 7. ಮೇಲೆ ಸುರುಳಿ ಸುತ್ತಲು 12. ಅಂಚಿಗೆ 2. ಒಟ್ಟು 58. ಈ ತುಂಡಿನ ತೂಕ 77 ಗ್ರಾಂ ಬರುತ್ತದೆ. ಇದೇ ಅಳತೆ ಚದರ ಮೀಟರಿಗೆ 600 ಗ್ರಾಂನ ಲಾರಿ ಟಾರ್ಪಾಲಿನಲ್ಲಾದರೆ 270. ಕತ್ತರಿ ಹಾಕುವ ಮೊದಲು ರಟ್ಟಿನ ಪೆಟ್ಟಿಗೆಯೊಂದನ್ನು ಇದೇ ಅಳತೆಗೆ ಮಾಡಿ ಕ್ಯಾರಿಯರಿಗೆ ಕಟ್ಟಿ ಪೆಡಲ್ ತುಳಿದು ನೋಡಿ. ಹಿಮ್ಮಡಿ ತಾಗಿದರೆ ಚೀಲ ಹಿಂದೆ ಸರಿಯಬೇಕು, ಇಲ್ಲಾ ಕಿರಿದಾಗಬೇಕು.

ಅಂಟಿಸುವಾಗ ಲೇಪನದ ಬದಿಗಳು ಎದುರುಬದುರಾಗಿರಬೇಕು. ಹಾಗಾಗಿ ಅಂಟಿದ ಅಂಚು ಚೀಲದ ಹೊರಗೆ ಪಟ್ಟಿಯಂತೆ ಉಳಿಯುತ್ತದೆ. ನೋಡಲು ಅಷ್ಟು ಚಂದವಿಲ್ಲ, ಇರಲಿ ಬಿಡಿ. ಬಟ್ಟೆಗೂ ಇಸ್ತ್ರಿಪೆಟ್ಟಿಗೆಗೂ ಮಧ್ಯೆ ಬೇಕಿಂಗ್ ಪೇಪರು ಹಿಡಿದು, ಪೆಟ್ಟಿಗೆಯ ಅಂಚಿನಿಂದ ನಿಧಾನಕ್ಕೆ ಒತ್ತಿ. ಸ್ಟೀಮ್ ಪೆಟ್ಟಿಗೆ ಬೇಡ. ಅದರ ಅಡಿಯಲ್ಲಿರುವ ತೂತುಗಳ ಜಾಗದಲ್ಲಿ ಒತ್ತಡ ಬೀಳುವುದಿಲ್ಲ. ಹಳೆಯ ಸಾದಾ ಪೆಟ್ಟಿಗೆಯೇ ವಾಸಿ. ಶಾಖ ಎಷ್ಟಿರಬೇಕು ಅನ್ನುವುದನ್ನು ಚೂರು ಬಟ್ಟೆಯ ಮೇಲೆ ಪರೀಕ್ಷಿಸಿಯೇ ತಿಳಿಯಬೇಕು. ಅಂಟಿಸಿದ ಚೂರನ್ನು ತಣ್ಣಗಾದ ಮೇಲೆ ಕಿತ್ತು ನೋಡಿ. ಎರಡು ಪದರ ಸಲೀಸಾಗಿ ಬಿಟ್ಟುಕೊಂಡರೆ ಶಾಖ ಸಾಲದು. ಲೇಪನವೇ ಬಟ್ಟೆಯಿಂದ ಕಿತ್ತು ಬಂದರೆ ಸರಿಯಾಗಿದೆ. ನೈಲಾನ್ ಸುಕ್ಕುಗಟ್ಟಿದರೆ ಜಾಸ್ತಿಯಾಯಿತು. ಬಿಸಿ ಇರುವಾಗಲೇ ಲಟ್ಟಣಿಗೆಯಿಂದ ಒಮ್ಮೆ ಒತ್ತಿ, ಆರುವವರೆಗೂ ಎಳೆಯದೆ ಬಿಡಿ. ಕಿಟಕಿ ತೆರೆದಿರಲಿ.

ಮೊದಲು ಪಕ್ಕದ ಅಂಚು, ಆಮೇಲೆ ತಳ. ಇವೆರಡೂ ಕೂಡುವ ಮೂಲೆಯಲ್ಲಿ ಪದರಗಳು ಮೆಟ್ಟಿಲಾಗುತ್ತವೆ, ಸೋರುವುದಾದರೆ ಅಲ್ಲೇ. ಪೆಟ್ಟಿಗೆಯ ಮೂತಿಯಿಂದ ಎರಡೂ ಕಡೆಯಿಂದ ಒತ್ತಿ ಹಿಡಿಯಿರಿ. ತಳವನ್ನು ಚಪ್ಪಟೆ ಮಾಡಿದಾಗ ಎರಡು ಬದಿಗೆ ಚಾಚುವ ತ್ರಿಕೋನದ ಕಿವಿಗಳನ್ನು ಕತ್ತರಿಸದೆ ಹೊರಗಡೆಯೇ ಮಡಚಿ ಅಡಿಗೆ ಸೇರಿಸಿದರೆ ಚೀಲ ಚಪ್ಪಟೆಯಾಗಿ ಕೂರುತ್ತದೆ.

ಬಾಯಿಯ ತುದಿಗೆ ಮಾತ್ರ ಹೊಲಿಗೆ ಬಿತ್ತು. ಅಲ್ಲಿ 25 ಮಿ.ಮೀ. ನೈಲಾನ್ ಪಟ್ಟಿ, ಎರಡು ಕೊನೆಗೆ ಬಕಲ್. ಆ ತೂತುಗಳು ಸುರುಳಿಯ ಒಳಗೆ ಹೋಗುವುದರಿಂದ ಚಿಂತೆಯಿಲ್ಲ. ಕನಿಷ್ಠ ಮೂರು ಸುತ್ತು ಸುತ್ತಬೇಕು ಅಷ್ಟೆ. ಹೊಲಿಸಲು ನಮ್ಮ ಬೀದಿಯ ಬ್ಯಾಗ್ ರಿಪೇರಿಯವರ ಹತ್ತಿರ ಹೋದೆ. ತಿರುಗಿಸಿ ಮುರುಗಿಸಿ ನೋಡಿ, “ಚೈನ್ ಹಾಕೋದು ಬೇಡ್ವಾ ಸಾರ್?” ಅಂದರು. “ಬೇಡ ಅಣ್ಣ, ನೀರು ಬರೋದೇ ಅಲ್ಲಿಂದ” ಅಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ, ಆದರೆ ಹೊಲಿಗೆ ಪಕ್ಕಾ ಹಾಕಿದರು.

ಚೌಕಟ್ಟಿಗೆ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಹಲಗೆ ಬಳಸುವವರಿದ್ದಾರೆ. ನಮ್ಮ ಅಳತೆಗೆ ಅದೊಂದೇ 200 ಗ್ರಾಂ ದಾಟುತ್ತದೆ. ನಾನು ಬೋರ್ಡು ಬರೆಯುವವರು ಬಳಸುವ ಸನ್‌ಪ್ಯಾಕ್ ಶೀಟು ತಂದೆ. 4 ಮಿ.ಮೀ. ದಪ್ಪವಿದ್ದರೂ ಒಳಗೆ ಟೊಳ್ಳು, ಹಗುರ. ಅದಕ್ಕೆ ಕ್ಯಾನ್ವಾಸ್ ಹೊದಿಕೆ, ಚೀಲವನ್ನು ತಬ್ಬಿ ಹಿಡಿಯಲು ಎರಡು ಅಡ್ಡ ಪಟ್ಟಿ, ತಳದಿಂದ ಮೇಲಕ್ಕೆ ಇನ್ನೊಂದು. ಕೊಕ್ಕೆಗಳನ್ನು ಅಲ್ಯೂಮಿನಿಯಂ ಪಟ್ಟಿ ಬಗ್ಗಿಸಿ ಮಾಡಿ, ಕ್ಯಾರಿಯರಿಗೆ ಉಜ್ಜದಂತೆ ಹಳೆಯ ಟ್ಯೂಬಿನ ತುಂಡು ತೊಡಿಸಿದೆ. ಬೋಲ್ಟುಗಳಿಗೆ ಎರಡೂ ಕಡೆ ಅಗಲದ ವಾಷರ್ ಕಡ್ಡಾಯ, ಇಲ್ಲದಿದ್ದರೆ ಶೀಟು ಹರಿಯುತ್ತದೆ. ಗುಂಡಿಗಳಲ್ಲಿ ಚೀಲ ಹಾರದಿರಲು ಕೆಳಗೊಂದು ಎಲಾಸ್ಟಿಕ್ ಹಗ್ಗ ಎಳೆದು ಕ್ಯಾರಿಯರಿನ ಬುಡಕ್ಕೆ ಸಿಕ್ಕಿಸುತ್ತೇನೆ. ಎಲ್ಲ ಸೇರಿ ಜೋಡಿಗೆ 550 ಗ್ರಾಂ ಹತ್ತಿರ ಬಂತು.

ಸೋರುತ್ತದೋ ಇಲ್ಲವೋ ನೋಡಲು ಪಂಕ್ಚರ್ ಅಂಗಡಿಯ ವಿಧಾನವೇ ಸಾಕು. ಗಾಳಿ ತುಂಬಿ ಬಾಯಿ ಸುತ್ತಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಹಿಂಡಿ. ಗುಳ್ಳೆ ಬಂದ ಕಡೆ ಗುರುತು ಹಾಕಿ, ಒಣಗಿಸಿ, ಮತ್ತೆ ಇಸ್ತ್ರಿ.

ಒದ್ದೆ ಬಟ್ಟೆಯನ್ನು ಇದರೊಳಗೆ ಇಡಬೇಡಿ. ನೀರು ಒಳಗೆ ಬಿಡದ ಚೀಲ ಹೊರಗೂ ಬಿಡುವುದಿಲ್ಲ, ಸಂಜೆಗೆ ಒಣ ಬಟ್ಟೆಯೂ ತಂಪು ಹಿಡಿದಿರುತ್ತದೆ. ಅದಕ್ಕೆ ಹೊರಗೆ ಬಲೆಯ ಚೀಲವೊಂದನ್ನು ಕಟ್ಟಿಕೊಳ್ಳಿ. ಗೋಡೆಗೆ, ಬಂಡೆಗೆ ಉಜ್ಜಿದರೆ ಈ ಬಟ್ಟೆ ಟಾರ್ಪಾಲಿನಷ್ಟು ತಾಳುವುದಿಲ್ಲ, ಅದನ್ನು ಒಪ್ಪಿಕೊಂಡೇ ಮಾಡಬೇಕು. ದಾರಿಯಲ್ಲಿ ತೂತಾದರೆ ಟಿಪಿಯು ಟ್ಯೂಬಿಗೆ ಬರುವ ಪ್ಯಾಚು ಕೆಲಸಕ್ಕೆ ಬರುತ್ತದೆ. ಒಳಬದಿಯನ್ನು ಸ್ಯಾನಿಟೈಸರಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಅಲ್ಲೇ ಅಂಟಿಸಿ. ಹೊರಬದಿಯ ಬರಿ ನೈಲಾನಿಗೆ ಅದು ನಿಲ್ಲುವುದಿಲ್ಲ.