17ರಿಂದ 16ಕ್ಕೆ ಇಳಿದೆ: ಕಾರಿಗೆ ಚಿಕ್ಕ, ಹಗುರ ಅಲಾಯ್ ಹಾಕಿಸಿದ ನನ್ನ ಅನುಭವ

ಟೈರಿನ ಪಕ್ಕದಲ್ಲಿ ಮೂರನೇ ಸಲ ಗುಳ್ಳೆ ಎದ್ದ ದಿನ, ಈ 17 ಇಂಚಿನ ಸಹವಾಸ ಸಾಕು ಅಂತ ತೀರ್ಮಾನ ಮಾಡಿಬಿಟ್ಟೆ. ಅಷ್ಟರಲ್ಲಾಗಲೇ ಒಂದು ಅಲಾಯ್ ರಿಮ್ಮು, ಅಂದರೆ ಟೈರ್ ಕೂರುವ ಅಲ್ಯೂಮಿನಿಯಂ ಚಕ್ರ, ಸೊಟ್ಟಗಾಗಿ, ತಟ್ಟಿಸಿ ನೇರ ಮಾಡಿಸಿ, ಮತ್ತೆ ಸೊಟ್ಟಗಾಗಿತ್ತು. ಕಾರು ಕಂಪನಿಯಿಂದ ಬಂದಿದ್ದೇ ಆ ಚಕ್ರಗಳ ಜೊತೆ. ಟೈರ್ ಅಳತೆ 225/45 ಆರ್17. ನೋಡೋಕೆ ಚೆಂದ, ಎರಡು ಮಾತಿಲ್ಲ. ಆದರೆ ರಸ್ತೆ ಸ್ವಲ್ಪ ಕೆಟ್ಟಿದ್ದರೆ ಸಾಕು, ಒಳಗೆ ಕೂತವರ ಹಲ್ಲು ಕಟಕಟ ಅನ್ನುತ್ತಿತ್ತು.

ಆ ಅಳತೆಯಲ್ಲೇ ಕಾರಣ ಬರೆದಿದೆ. 17 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. 225 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 45 ಅಂದರೆ ಆ ಅಗಲದ ಶೇಕಡಾ 45ರಷ್ಟು ಟೈರಿನ ಗೋಡೆಯ ಎತ್ತರ. ಲೆಕ್ಕ ಹಾಕಿದರೆ 101 ಮಿಮೀ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಇರುವ ರಬ್ಬರು ಮತ್ತು ಗಾಳಿ ಅಷ್ಟೇ. ಜೋರಾಗಿ ಬಿದ್ದರೆ ರಿಮ್ಮಿನ ಅಂಚು ಟೈರನ್ನು ಒತ್ತಿ ಹಿಸುಕುತ್ತದೆ, ಒಳಗಿನ ದಾರಗಳು ತುಂಡಾಗುತ್ತವೆ, ಆ ಜಾಗದಲ್ಲಿ ಗಾಳಿ ಹೊರಗೆ ಉಬ್ಬುತ್ತದೆ. ಅದೇ ಗುಳ್ಳೆ. ಅದಕ್ಕೆ ರಿಪೇರಿ ಇಲ್ಲ, ಟೈರೇ ಬದಲಿಸಬೇಕು.

ನಿಜ ಹೇಳಬೇಕೆಂದರೆ ಆಗ ನನ್ನ ತಲೆಯಲ್ಲಿ ಗುಂಡಿಗಿಂತ ಜಾಸ್ತಿ ಓಡುತ್ತಿದ್ದದ್ದು ತೂಕದ ವಿಚಾರ. ಚಕ್ರದಲ್ಲಿ ಒಂದು ಕೆಜಿ ಕಮ್ಮಿಯಾದರೆ ಕಾರಿನಲ್ಲಿ ಹತ್ತು ಕೆಜಿ ಕಮ್ಮಿಯಾದಂತೆ ಅಂತ ಎಲ್ಲರೂ ಹೇಳುವುದನ್ನು ಕೇಳಿದ್ದೆ, ನಂಬಿಯೂ ಇದ್ದೆ. ಹಗುರ ಅಲಾಯ್ ಹಾಕಿಸಿದರೆ ಕಾರು ಹಾರುತ್ತೆ ಅಂದುಕೊಂಡಿದ್ದೆ. ಅದು ಎಷ್ಟು ನಿಜ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಮಾಡಿದ ಕೆಲಸ ತೂಕ ಹಾಕಿದ್ದು. ಮನೆಯಲ್ಲಿ ದೇಹದ ತೂಕ ನೋಡುವ ಮೆಷಿನ್ ಇತ್ತಲ್ಲ, ಅದರ ಮೇಲೆ ಚಕ್ರ ಅಪ್ಪಿಕೊಂಡು ನಿಂತೆ, ಬಂದ ಅಂಕಿಯಲ್ಲಿ ನನ್ನ ತೂಕ ಕಳೆದೆ. ಟೈರ್ ಸಮೇತ ಒಂದು ಚಕ್ರ 20.6 ಕೆಜಿ. ಟೈರ್ ಬಿಚ್ಚಿಸಿದಾಗ ರಿಮ್ಮು ಒಂದೇ 10.9. ಅಲಾಯ್ ಅಂದರೆ ಹಗುರ ಅಂತ ನಾವೆಲ್ಲ ಸುಮ್ನೆ ನಂಬಿದ್ದೇವೆ ಅಷ್ಟೇ. ಅಲ್ಯೂಮಿನಿಯಂ ಹಗುರ ನಿಜ, ಆದರೆ ದೊಡ್ಡ ಅಳತೆಯಲ್ಲಿ ಎರಕ ಹೊಯ್ದಾಗ ಗಟ್ಟಿತನಕ್ಕೆ ದಪ್ಪ ಬೇಕು. 15 ಇಂಚಿನ ಕಬ್ಬಿಣದ ರಿಮ್ಮು ಎಷ್ಟೋ ಸಲ 17 ಇಂಚಿನ ಅಲಾಯ್‌ಗಿಂತ ಹಗುರ ಇರುತ್ತದೆ.

ಇಲ್ಲಿ ನನಗೊಂದು ಅದೃಷ್ಟ ಇತ್ತು. ಗೆಳೆಯನೊಬ್ಬನ ಹತ್ತಿರ ಇದೇ ಕಾರಿನ ಕೆಳಗಿನ ಮಾಡೆಲ್ ಇದೆ, ಅದೇ ಬ್ರೇಕು, 16 ಇಂಚಿನ ಅಲಾಯ್, 205/55 ಆರ್16 ಟೈರ್. ಅವನಿಗೆ ನನ್ನ ಚಕ್ರಗಳ ಮೇಲೆ ಮೊದಲಿಂದಲೂ ಕಣ್ಣು. ಒಂದು ಭಾನುವಾರ ಕೂತು ನಾಲ್ಕಕ್ಕೆ ನಾಲ್ಕೂ ಅದಲು ಬದಲು ಮಾಡಿಕೊಂಡೆವು. ಎರಡು ವಾರದ ಕರಾರು. ಅವನ ಚಕ್ರ ತೂಗಿದೆ, ಟೈರ್ ಸಮೇತ 18.3 ಕೆಜಿ.

ಹೊರಟು ಮೊದಲ ಹಂಪ್ ದಾಟಿದಾಗಲೇ ಗೊತ್ತಾಯಿತು. ಅದೇ ಕಾರು, ಅದೇ ಸಸ್ಪೆನ್ಷನ್, ಆದರೆ ಆ 'ಧಡ್' ಇಲ್ಲ, 'ದುಬ್' ಅನ್ನುತ್ತದೆ ಅಷ್ಟೇ. 55 ಗೋಡೆಯ ಟೈರಿನಲ್ಲಿ ಎತ್ತರ 113 ಮಿಮೀ. ನನ್ನದಕ್ಕಿಂತ ಒಂದು ಸೆಂಟಿಮೀಟರ್ ಮೇಲೆ ಸ್ವಲ್ಪ. ಒಂದು ಸೆಂಟಿಮೀಟರು ಏನು ಮಹಾ ಅನ್ನಿಸಬಹುದು, ಆದರೆ ಬೆನ್ನಿಗೆ ಅದು ಗೊತ್ತಾಗುತ್ತದೆ. ಆ ಕಡೆ ಗೆಳೆಯ ಎಂಟೇ ದಿನಕ್ಕೆ ಫೋನ್ ಮಾಡಿದ. "ಗುರೂ, ನಿನ್ನ ಚಕ್ರ ನೀನೇ ಇಟ್ಕೋ. ಅಮ್ಮ ಹಿಂದಿನ ಸೀಟಲ್ಲಿ ಕೂರಲ್ಲ ಅಂತಿದಾರೆ."

ಈ ಅದಲು ಬದಲು ಮಾಡದೆ ನೇರವಾಗಿ ಹೊಸ ಹಗುರ ಅಲಾಯ್ ಹಾಕಿಸಿದ್ದರೆ ಸುಖವೆಲ್ಲ ತೂಕದಿಂದ ಬಂತು ಅಂತ ಜನ್ಮವಿಡೀ ಹೇಳಿಕೊಂಡು ತಿರುಗುತ್ತಿದ್ದೆ. ನನಗೆ ಸಿಕ್ಕ ಸುಖದಲ್ಲಿ ಮುಕ್ಕಾಲು ಪಾಲು ಟೈರಿನ ಗೋಡೆಯದು.

ಆದರೂ ಹಗುರ ರಿಮ್ಮಿನ ಆಸೆ ಬಿಡಲಿಲ್ಲ. ಮೊದಲು 15 ಇಂಚಿಗೇ ಇಳಿಯೋಣ ಅಂತ ನೋಡಿದೆ. 195/65 ಆರ್15 ಹಾಕಿದರೆ ಒಟ್ಟು ಎತ್ತರ 634.5 ಮಿಮೀ, ನನ್ನ ಹಳೆಯದು 634.3. ಕಾಗದದ ಮೇಲೆ ಇದಕ್ಕಿಂತ ಸರಿಯಾದದ್ದು ಸಿಗಲ್ಲ. ಕಾರಿನ ಮೇಲೆ ಮಾತ್ರ ಸಿಗಲಿಲ್ಲ. ಮುಂದಿನ ಬ್ರೇಕ್ ಡಿಸ್ಕ್ 312 ಮಿಮೀ, ಅದರ ಹೊರಗೆ, ಡಿಸ್ಕನ್ನು ಹಿಡಿದು ಒತ್ತುವ ಕ್ಯಾಲಿಪರ್ ಚಾಚಿಕೊಂಡಿದೆ. 15 ಇಂಚಿನ ರಿಮ್ಮು ಅಂದರೆ ಟೈರ್ ಕೂರುವ ಜಾಗದಲ್ಲಿ 381 ಮಿಮೀ, ಒಳಗಡೆ ಇನ್ನೂ ಕಮ್ಮಿ. ಯಾರದೋ ಹಳೆಯ 15 ಇಂಚಿನ ಚಕ್ರ ತಂದು ಹಿಡಿದು ನೋಡಿದೆ, ಚಕ್ರ ಕೂರುವ ಹಬ್‌ವರೆಗೆ ಹೋಗಲೇ ಇಲ್ಲ, ಕ್ಯಾಲಿಪರಿಗೆ ತಾಗಿ ನಿಂತಿತು. ಅಲ್ಲಿಗೆ ಆ ಕಥೆ ಮುಗಿಯಿತು. ಎಷ್ಟು ಚಿಕ್ಕದಕ್ಕೆ ಇಳಿಯಬಹುದು ಅಂತ ಹೇಳುವುದು ಬ್ರೇಕು, ನಾವಲ್ಲ.

16ರಲ್ಲಿ ಒಟ್ಟು ಎತ್ತರ 631.9 ಮಿಮೀ. ವ್ಯತ್ಯಾಸ ಶೇಕಡಾ 0.4ರಷ್ಟು. ಸ್ಪೀಡೋಮೀಟರಿಗೆ ಇದು ಲೆಕ್ಕಕ್ಕೇ ಇಲ್ಲ. ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದಲ್ಲ, ಅದರಲ್ಲೂ 205/55 ಆರ್16 ಅಂತ ಬರೆದಿತ್ತು, ಗಾಳಿಯ ಒತ್ತಡ ಸಮೇತ. ನಿಮ್ಮ ಕಾರಿನ ಕೆಳಗಿನ ಮಾಡೆಲ್‌ಗೆ ಕಂಪನಿಯೇ ಹಾಕುವ ಅಳತೆ ಇದ್ದು, ಬ್ರೇಕೂ ಅದೇ ಆಗಿದ್ದರೆ ಕಣ್ಣು ಮುಚ್ಚಿ ಅದಕ್ಕೇ ಹೋಗಿ. ಟೈರಿನ ಹೊರೆಯ ಅಂಕಿಯನ್ನೂ ನೋಡಿಕೊಳ್ಳಿ. ನನ್ನ ಎರಡರಲ್ಲೂ 91 ಇತ್ತು, ಅಂದರೆ ಒಂದು ಟೈರು 615 ಕೆಜಿ ಹೊರುತ್ತದೆ. ಅಳತೆ ಇಳಿಸುವಾಗ ಈ ಅಂಕಿ ಇಳಿಯಬಾರದು.

ಇನ್ನು ರಿಮ್ಮಿನ ಆಯ್ಕೆ. ಬೋಲ್ಟಿನ ವೃತ್ತ, ಅಂದರೆ ಪಿಸಿಡಿ, 5×112: ಐದು ಬೋಲ್ಟು, 112 ಮಿಮೀ ವ್ಯಾಸದ ವೃತ್ತದ ಮೇಲೆ. ಅದು ಪೂರ್ತಿ ಹೊಂದದಿದ್ದರೆ ಚಕ್ರ ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಅದನ್ನು ಮೊದಲೇ ನೋಡಿಕೊಳ್ಳಬೇಕು. ಜನ ಇನ್ನೂ ತಲೆ ಕೆಡಿಸಿಕೊಳ್ಳಬೇಕಾದದ್ದು ಆಫ್‌ಸೆಟ್ ಬಗ್ಗೆ. ಚಕ್ರದ ಅಗಲದ ನಟ್ಟನಡುವಿನಿಂದ ಹಬ್ಬಿಗೆ ಕೂರುವ ಮುಖ ಎಷ್ಟು ಮಿಮೀ ಹೊರಗಿದೆ ಅನ್ನುವ ಲೆಕ್ಕ ಅದು. ಹಳೆಯದು 7.5 ಇಂಚು ಅಗಲ, ಆಫ್‌ಸೆಟ್ 51. ನಾನು ನೋಡಿದ ಹೊಸದು 7 ಇಂಚು ಅಗಲ, ಆಫ್‌ಸೆಟ್ 45. ಅಗಲವನ್ನು ಮಿಮೀಗೆ ತಿರುಗಿಸಿ, ಅರ್ಧ ಮಾಡಿ, ಆಫ್‌ಸೆಟ್ ಕಳೆದರೆ ಹೊರ ಅಂಚು ಸಿಗುತ್ತದೆ: ಹಳೆಯದಕ್ಕೆ 44.3, ಹೊಸದಕ್ಕೆ 43.9. ಹೆಚ್ಚುಕಮ್ಮಿ ಒಂದೇ. ಕಳೆಯುವ ಬದಲು ಕೂಡಿಸಿದರೆ ಒಳ ಅಂಚು: 146 ಇದ್ದದ್ದು 134 ಆಯಿತು. ಅಂದರೆ ಹೊರಗೆ ಮಡ್‌ಗಾರ್ಡಿಗೆ ತಾಗಲ್ಲ, ಒಳಗೆ ಶಾಕ್ ಅಬ್ಸಾರ್ಬರ್ ಕಡೆ 12 ಮಿಮೀ ಜಾಗ ಜಾಸ್ತಿಯೇ ಸಿಗುತ್ತದೆ. ಐದು ನಿಮಿಷದ ಲೆಕ್ಕ. ಇದನ್ನು ಮಾಡದೆ ಚಕ್ರ ಕೊಂಡು ಆಮೇಲೆ ಮಡ್‌ಗಾರ್ಡ್ ಕತ್ತರಿಸಿದವರನ್ನು ನೋಡಿದ್ದೇನೆ.

ಹಗುರ ಬೇಕಾದರೆ ತಯಾರಾಗುವ ರೀತಿ ನೋಡಬೇಕು. ಮಾಮೂಲಿ ಅಲಾಯ್ ಪೂರ್ತಿ ಎರಕ. ನಾನು ತೆಗೆದುಕೊಂಡದ್ದು ಫ್ಲೋ ಫಾರ್ಮಿಂಗ್ ಮಾಡಿದ್ದು. ಇದರಲ್ಲೂ ಮೊದಲು ಎರಕವೇ, ಆದರೆ ಸುತ್ತಿನ ಭಾಗವನ್ನು ಬಿಸಿ ಇರುವಾಗಲೇ ತಿರುಗಿಸುತ್ತಾ ರೋಲರ್ ಒತ್ತಿ ಲಟ್ಟಿಸಿದ ಹಾಗೆ ಎಳೆಯುತ್ತಾರೆ. ಹಾಗಾಗಿ ತೆಳ್ಳಗಾದರೂ ಗಟ್ಟಿ ಇರುತ್ತದೆ. ಒತ್ತಿ ಮಾಡುವ ಫೋರ್ಜ್ಡ್ ಇನ್ನೂ ಚೆನ್ನ, ಅದು ನನ್ನ ಜೇಬಿಗೆ ಮೀರಿದ್ದು. ಹಿಂಭಾಗದಲ್ಲಿ ಹೊರೆಯ ಅಂಕಿ ಅಚ್ಚು ಹಾಕಿದೆಯಾ ನೋಡಿದೆ, ಜೆಡಬ್ಲ್ಯೂಎಲ್ ಅನ್ನುವ, ಅಲಾಯ್ ಚಕ್ರಗಳ ಗಟ್ಟಿತನಕ್ಕೆ ಇರುವ ಜಪಾನಿನ ಮಾನದಂಡದ ಗುರುತು ಇದೆಯಾ ನೋಡಿದೆ. ಹೊರೆಯ ಅಂಕಿಯ ಎರಡರಷ್ಟು ಕಾರಿನ ಒಂದು ಆಕ್ಸಲ್, ಅಂದರೆ ಮುಂದಿನ ಅಥವಾ ಹಿಂದಿನ ಜೋಡಿ ಚಕ್ರ, ಹೊರುವ ಭಾರಕ್ಕಿಂತ ಕಮ್ಮಿ ಇರಬಾರದು. ಅಂಕಿಯೇ ಇಲ್ಲದ ಹಗುರ ಚಕ್ರ ನನಗೆ ಬೇಡ, ಎಷ್ಟೇ ಚೆಂದ ಇರಲಿ. ಅಂಗಡಿಯಲ್ಲೇ ತೂಗಿಸಿದೆ, 7.0 ಕೆಜಿ. ಟೈರ್ ಸೇರಿ 16.1. ಹಳೆಯದಕ್ಕಿಂತ ಒಂದೊಂದು ಚಕ್ರದಲ್ಲಿ ನಾಲ್ಕೂವರೆ ಕೆಜಿ ಕಮ್ಮಿ.

ಮಕ್ಕಳು ಆಡುವ ಬಣ್ಣದ ಜೇಡಿಮಣ್ಣು ಬರುತ್ತದಲ್ಲ, ಅದನ್ನು ಕ್ಯಾಲಿಪರ್ ಮೇಲೆ ಅಲ್ಲಲ್ಲಿ ಮೆತ್ತಿ, ಟೈರ್ ಇಲ್ಲದ ಹೊಸ ರಿಮ್ಮು ಕೂರಿಸಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ ಬಿಚ್ಚಿದೆ. ಮಣ್ಣು ಒತ್ತಿಕೊಂಡು ಎಷ್ಟು ದಪ್ಪ ಉಳಿಯುತ್ತದೋ ಅಷ್ಟೇ ಜಾಗ. 5 ಮಿಮೀ ಇತ್ತು. ಸಾಕು ಅಂದುಕೊಂಡೆ.

ಸಾಕಾಗಲಿಲ್ಲ. ಟೈರ್ ಹಾಕಿ ಬ್ಯಾಲೆನ್ಸಿಂಗ್ ಮಾಡಿಸಿ ಹೊರಟರೆ ಎಡಗಡೆ ಮುಂದಿನಿಂದ 'ಕರ್ ಕರ್' ಅಂತ ಸದ್ದು, ಚಕ್ರದ ಸುತ್ತಿಗೆ ಒಂದು ಸಲ. ಕಲ್ಲು ಸಿಕ್ಕಿರಬೇಕು ಅಂತ ನೋಡಿದೆ, ಕಲ್ಲಿಲ್ಲ. ಬಿಚ್ಚಿದಾಗ ಗೊತ್ತಾಯಿತು, ಬ್ಯಾಲೆನ್ಸಿಂಗಿಗೆ ಒಳಗೆ ಅಂಟಿಸುವ ತೂಕದ ಪಟ್ಟಿ ಸರಿಯಾಗಿ ಕ್ಯಾಲಿಪರಿನ ಎದುರಿಗೇ ಬಂದಿದೆ. ಪಟ್ಟಿಯೇ ನಾಲ್ಕು ಮಿಮೀ ದಪ್ಪ. ಒಂದು ತುದಿ ಸ್ವಲ್ಪ ಎದ್ದಿತ್ತು, ಕ್ಯಾಲಿಪರ್ ಅದನ್ನು ಉಜ್ಜಿ ಹೊಳೆಯುವ ಹಾಗೆ ಮಾಡಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಕಿತ್ತು ಹೋಗುತ್ತಿತ್ತು. ಬ್ಯಾಲೆನ್ಸಿಂಗ್ ಮೆಷಿನ್ನಿನಲ್ಲಿ ತೂಕ ಅಂಟಿಸುವ ಸಾಲನ್ನು ಬದಲಿಸಬಹುದು, ಕ್ಯಾಲಿಪರಿನಿಂದ ದೂರ, ಒಳ ಅಂಚಿನ ಕಡೆ ಹಾಕಿಸಿದೆ. ಸದ್ದು ನಿಂತಿತು.

ಅಷ್ಟಕ್ಕೇ ಮುಗಿಯಲಿಲ್ಲ. 90 ದಾಟಿದರೆ ಸ್ಟೇರಿಂಗ್ ನಡುಗುತ್ತಿತ್ತು. ಮತ್ತೆ ಬ್ಯಾಲೆನ್ಸಿಂಗ್, ಮತ್ತೆ ನಡುಕ. ಅಲೈನ್‌ಮೆಂಟ್ ಮಾಡಿಸಿ ಅಂದರು, ಅದನ್ನೂ ಮಾಡಿಸಿದೆ, ಏನೂ ಆಗಲಿಲ್ಲ. ಕೊನೆಗೆ ನಾನೇ ಜ್ಯಾಕ್ ಕೊಟ್ಟು ಬಿಚ್ಚಿದೆ. ನನ್ನ ಹಬ್ಬಿನ ನಡುವಿನ ಉಬ್ಬು 57.1 ಮಿಮೀ. ಹೊರಗೆ ಸಿಗುವ ಅಲಾಯ್‌ಗಳಲ್ಲಿ ಎಷ್ಟೋ ಕಾರಿಗೆ ಕೂರಲಿ ಅಂತ ನಡುವಿನ ತೂತನ್ನು ದೊಡ್ಡದಾಗೇ ಬಿಟ್ಟಿರುತ್ತಾರೆ, ಇದರಲ್ಲಿ 73.1. ನಡುವಿನ ಸಂದಿಗೆ ಹಬ್ ರಿಂಗ್ ಅಂತ ಒಂದು ಬಳೆ ಹಾಕಬೇಕು. ಹಿಂದಿನ ಎರಡಕ್ಕೆ ಹಾಕಿದ್ದರು. ಮುಂದಿನ ಎರಡು ಬಳೆ ಡಬ್ಬಿಯಲ್ಲೇ ಉಳಿದಿದ್ದವು, ಆ ಡಬ್ಬಿ ನನ್ನ ಡಿಕ್ಕಿಯಲ್ಲೇ ಇತ್ತು! ಮೂರು ಸಲ ಅಂಗಡಿಗೆ ಅಲೆದಿದ್ದೇನೆ, ಬಳೆ ಹೊತ್ತುಕೊಂಡೇ. ಹಾಕಿದ ಮೇಲೆ 110ರಲ್ಲೂ ಸ್ಟೇರಿಂಗ್ ಅಲ್ಲಾಡಲಿಲ್ಲ.

ಬೋಲ್ಟಿನ ವಿಷಯವೂ ಇದೆ. ಕಂಪನಿಯ ಬೋಲ್ಟಿನ ತಲೆಯ ಕೆಳಗೆ ಗುಂಡಗಿದೆ, ಹೊಸ ಅಲಾಯ್‌ನ ಕುಳಿ ಶಂಕುವಿನ ಆಕಾರದ್ದು, 60 ಡಿಗ್ರಿ ಓರೆ. ಹಳೆಯ ಬೋಲ್ಟು ಇದಕ್ಕೂ ತಿರುಗುತ್ತದೆ, ಬಿಗಿಯಾಗಿದೆ ಅಂತಲೂ ಅನ್ನಿಸುತ್ತದೆ. ಆದರೆ ಸುತ್ತಲೂ ಕಚ್ಚಿ ಕೂರುವುದಿಲ್ಲ, ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಗುತ್ತದೆ. ಅಂಥದ್ದು ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ. ಹೊಸ ಓರೆ ಬೋಲ್ಟುಗಳನ್ನೇ ತೆಗೆದುಕೊಂಡೆ, ಅದೇ ಎಳೆ, ಉದ್ದ ಅಳೆದು ನೋಡಿ. ಗನ್ ಹಿಡಿದು ಬಿಗಿಯಲು ಬಿಡಲಿಲ್ಲ. ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರ್, ಎದುರು ಬದುರಾಗಿ ಒಂದೊಂದೇ. ನೂರು ಕಿಮೀ ಓಡಿಸಿ ಮತ್ತೆ ನೋಡಿದಾಗ ಎರಡು ಬೋಲ್ಟು ಸ್ವಲ್ಪ ತಿರುಗಿದವು.

ಹಾಗಾದರೆ ಕಾರು ಹಾರಿತಾ? ಇಲ್ಲ. ನಾಲ್ಕು ಚಕ್ರ ಸೇರಿ 18 ಕೆಜಿ ಉಳಿಯಿತು. ತಿರುಗುವ ವಸ್ತು ಆದ್ದರಿಂದ ವೇಗ ಹೆಚ್ಚಿಸುವಾಗ ಅದು ಸ್ವಲ್ಪ ಜಾಸ್ತಿ ಲೆಕ್ಕಕ್ಕೆ ಬರುತ್ತದೆ, ನಿಜ. ಆದರೆ ತೂಕವೆಲ್ಲ ಟೈರಿನ ಹೊರ ಅಂಚಿನಲ್ಲೇ ಇದ್ದರೂ ಅದು ಎರಡರಷ್ಟಕ್ಕಿಂತ ಮೇಲೆ ಹೋಗಲು ಸಾಧ್ಯವಿಲ್ಲ. ರಿಮ್ಮು ಇನ್ನೂ ಒಳಗಿರುವುದರಿಂದ ಸುಮಾರು 1.4 ಪಟ್ಟು. ಅಂದರೆ ಡಿಕ್ಕಿಯಿಂದ 25 ಕೆಜಿಯ ಒಂದು ಸೂಟ್‌ಕೇಸ್ ಇಳಿಸಿದಷ್ಟು. ಹತ್ತು ಪಟ್ಟು ಅನ್ನುವುದು ಬರೀ ಬೊಗಳೆ. ಮೈಲೇಜು ಒಂಚೂರು ಏರಿದ ಹಾಗಿದೆ, ಆದರೆ ಟೈರೂ ಹೊಸದು, ಅಗಲವೂ ಕಮ್ಮಿ, ಹಾಗಾಗಿ ಅದರ ಕೀರ್ತಿ ರಿಮ್ಮಿಗೆ ಕೊಡಲಾರೆ.

ತೂಕದ ಗುಣ ಕಂಡದ್ದು ಬೇರೆ ಕಡೆ. ಗೆಳೆಯನ 16ರಲ್ಲೂ ಪಟ್ಟಿ ಪಟ್ಟಿ ಕಿತ್ತ ರಸ್ತೆಯಲ್ಲಿ ಚಕ್ರ ಒಂದು ಉಬ್ಬು ಹತ್ತಿ ಇಳಿದ ಮೇಲೆ ಇನ್ನೊಂದು ಸಣ್ಣ ಕುಣಿತ ಕುಣಿಯುತ್ತಿತ್ತು. ಈಗ ಅದಿಲ್ಲ, ಇಳಿದ ಕೂಡಲೇ ನೆಲ ಹಿಡಿಯುತ್ತದೆ. ಸ್ಪ್ರಿಂಗಿನ ಕೆಳಗಿರುವ ಭಾರ ಕಮ್ಮಿಯಾದಷ್ಟೂ ಶಾಕ್ ಅಬ್ಸಾರ್ಬರಿಗೆ ಅದನ್ನು ಹಿಡಿದು ನಿಲ್ಲಿಸುವುದು ಸುಲಭ. ನಯವಾದ ಹೈವೇಯಲ್ಲಿ ನನಗೆ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ.

ಕಳೆದುಕೊಂಡದ್ದೂ ಇದೆ. ತಿರುವಿಗೆ ಸ್ಟೇರಿಂಗ್ ತಿರುಗಿಸಿದರೆ ಮೊದಲಿನಂತೆ ತಟ್ಟನೆ ತಿರುಗುವುದಿಲ್ಲ, ಟೈರು ಒಂದು ಕ್ಷಣ ಬಾಗಿ ಆಮೇಲೆ ಕಾರು ತಿರುಗುತ್ತದೆ. ಗಾಳಿ 2 ಪಿಎಸ್‌ಐ ಜಾಸ್ತಿ ಹಾಕಿ ನೋಡಿದೆ, ಸ್ವಲ್ಪ ಸರಿಹೋಯಿತು, ಆದರೆ ಗಡಸು ವಾಪಸ್ ಬಂತು, ಮತ್ತೆ ಸ್ಟಿಕ್ಕರ್ ಹೇಳಿದಷ್ಟಕ್ಕೇ ಇಳಿಸಿದೆ. ಇನ್ನು ನೋಟ. ಪಕ್ಕದಿಂದ ನೋಡಿದರೆ ಕಾರು ಯಾರದೋ ಚಪ್ಪಲಿ ಹಾಕಿಕೊಂಡ ಹಾಗೆ ಕಾಣುತ್ತದೆ. ನೋಡಿದವರೆಲ್ಲ ಹೇಳಿದ್ದಾರೆ, ನನಗೂ ಕಾಣುತ್ತದೆ.

ಸ್ಟೆಪ್ನಿ ಕಬ್ಬಿಣದ ರಿಮ್ಮಿನದು, ಅದರ ಕುಳಿ ಹಳೆಯ ಗುಂಡು ಬೋಲ್ಟಿನದು. ದಾರಿಯಲ್ಲಿ ಪಂಕ್ಚರ್ ಆದರೆ ಹೊಸ ಓರೆ ಬೋಲ್ಟು ಅದಕ್ಕೆ ಆಗುವುದಿಲ್ಲ. ಇದು ಹೊಳೆದದ್ದು ಎಲ್ಲ ಮುಗಿದು ಒಂದು ತಿಂಗಳಾದ ಮೇಲೆ, ಅದೂ ರಾತ್ರಿ ಮಲಗಿದಾಗ. ಬೆಳಿಗ್ಗೆ ಎದ್ದು ಹಳೆಯ ಐದು ಬೋಲ್ಟನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಜ್ಯಾಕಿನ ಪಕ್ಕದಲ್ಲಿ ತುರುಕಿದೆ. ಬಟ್ಟೆಯ ಮೇಲೆ 'ಸ್ಟೆಪ್ನಿಗೆ ಮಾತ್ರ' ಅಂತ ಮಾರ್ಕರಿನಲ್ಲಿ ಬರೆದಿದ್ದೇನೆ.